ಗಾಳಿ ಬಿಡಿಸದ ಟ್ಯೂಬು

ಪುಟ್ಟಿ, ಗುಂಡ, ಇಬ್ಬರೂ ಜೊತೆಯಲ್ಲಿ ಕೂತು ಓದಿ. ಮನೆಯಲ್ಲಿ ಕರೆಯುವ ಹೆಸರನ್ನೇ ಬರೆದಿದ್ದೇನೆ. ಶಾಲೆಯ ಹೆಸರು ಬರೆದರೆ ಬೇರೆ ಯಾರದೋ ಮಕ್ಕಳಿಗೆ ಬರೆದ ಹಾಗೆ ಆಗುತ್ತದೆ. ನನಗೆ ಎದುರಿಗೆ ನಿಂತು ಮಾತಾಡಲು ಬರುವುದಿಲ್ಲ. ಊರ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಬಾಯಿ ಬಿಡದೆ ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದೆ. ಈಗಲೂ ಅದನ್ನೇ ಮಾಡುತ್ತಿದ್ದೇನೆ.

ಗುಂಡ, ಹೋದ ಭಾನುವಾರ ನೀನು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದೆ. ಯಾವುದೋ ಚಳಿ ದೇಶದ ಕೆರೆ. ಸುತ್ತ ಬೆಟ್ಟ, ಬೆಟ್ಟದ ಮೇಲೆ ಹಿಮ. ನನ್ನಷ್ಟೇ ವಯಸ್ಸಾದ ಒಬ್ಬ ಹೆಂಗಸು ಗಾಳಿ ತುಂಬಿದ ಕುರ್ಚಿಯಂಥ ಟ್ಯೂಬಿನಲ್ಲಿ ಕೂತು, ಕಾಲಿಗೆ ಬಾತುಕೋಳಿ ಪಾದದಂಥ ರಬ್ಬರು ಹಾಕಿಕೊಂಡು, ಹಿಂದಹಿಂದಕ್ಕೆ ತೇಲುತ್ತ ಗಾಳ ಬೀಸುತ್ತಿದ್ದಳು. ಪಕ್ಕದಲ್ಲಿ ಒಬ್ಬ ಗಂಡಸು, ಎರಡು ಉದ್ದನೆಯ ಗಾಳಿಚೀಲಗಳ ನಡುವೆ ಕುರ್ಚಿ ಕಟ್ಟಿದ ಪುಟ್ಟ ತೆಪ್ಪದಲ್ಲಿದ್ದ. ಅವಳು ಹಿಡಿದ ಮೀನಿಗೆ ಟ್ರೌಟ್ ಅನ್ನುತ್ತಾರೆ ಎಂದು ನೀನೇ ಹೇಳಿದೆ. ಅವಳು ಅದನ್ನು ಎತ್ತಿ ತೋರಿಸಿ, ಮುತ್ತು ಕೊಟ್ಟು, ಮತ್ತೆ ನೀರಿಗೆ ಬಿಟ್ಟಳು. ದಡದಲ್ಲಿದ್ದವರು ಚಪ್ಪಾಳೆ ಹೊಡೆದರು.

"ಸೂಪರ್ ಅಲ್ವಾ ಅಜ್ಜಿ?" ಎಂದೆ ನೀನು.

ನಾನು ಹೂಂ ಎಂದೆ. ಚೆನ್ನಾಗಿಯೇ ಇತ್ತು.

ಆಮೇಲೆ ನೀನು ಬೆರಳಿನಿಂದ ಒಂದು ಸಲ ಮೇಲಕ್ಕೆ ತಳ್ಳಿದೆ. ಮುಂದಿನ ವಿಡಿಯೊದಲ್ಲಿ ನಾನಿದ್ದೆ. ನಮ್ಮ ಕೆರೆಯಲ್ಲಿ, ಲಾರಿ ಟ್ಯೂಬಿನ ಮೇಲೆ, ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು ಸುಮ್ಮನೆ ಕೂತಿದ್ದೆ. ಅದಕ್ಕೆ ಯಾರೋ ಕುಣಿಯುವ ಹಾಡು ಸೇರಿಸಿದ್ದರು. ದಡದಲ್ಲಿ ಗಂಡಸರು ಕೈ ಬೀಸಿ ಕೂಗಿದಾಗಲೆಲ್ಲ ತಾಳ ಬಡಿಯುವ ಹಾಗೆ ಮಾಡಿದ್ದರು. ನೀನು ನಕ್ಕೆ. ಪುಟ್ಟಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೇಳಿದಳು, "ಅಜ್ಜಿ, ಅವತ್ತು ನಿಂಗೆ ನಿಜವಾಗ್ಲೂ ತಲೆ ಕೆಟ್ಟಿತ್ತಾ? ಚಿಕ್ತಾತ ಅಂಗಂತಾರೆ."

ನಾನು ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ. ನನಗೆ ಸಿಟ್ಟು ಬಂದಿತ್ತು. ಅಷ್ಟು ಪಾತ್ರೆ ತೊಳೆದರೂ ಇಳಿಯದ ಸಿಟ್ಟು. ನಿಮ್ಮ ಮೇಲಲ್ಲ. ಇಲ್ಲ, ನಿಮ್ಮ ಮೇಲೂ ಸ್ವಲ್ಪ ಬಂತು. ಆ ದೇಶದ ಹೆಂಗಸು ಟ್ಯೂಬಿನಲ್ಲಿ ಕೂತರೆ ಸೂಪರ್, ನಿಮ್ಮ ಅಜ್ಜಿ ಕೂತರೆ ಹುಚ್ಚು. ಇದು ಯಾವ ನ್ಯಾಯ?

ಹಾಗಾಗಿ ಅವತ್ತು, ನಿಮ್ಮ ತಾತನ ತಿಥಿಯ ದಿನ, ನಡೆದದ್ದನ್ನು ಬರೆಯುತ್ತೇನೆ. ನಾನು ಕೂತಿದ್ದು ನಿಮ್ಮ ತಾತನ ಜಾಗ ನನ್ನ ಕೈ ತಪ್ಪಬಾರದು ಎಂದು. ಕೆರೆಯ ಕೋಡಿ ಮೂಲೆಯ ಜಾಗ. ಅದು ಹೋದರೆ ನಾನು ನೀರಿಗೆ ಇಳಿಯುವುದು ಅಲ್ಲಿಗೆ ಮುಗಿಯುತ್ತಿತ್ತು.

ಈಗ ಕೆಸರೆ ಕಡೆಯಿಂದ ರಿಂಗ್ ರೋಡು ದಾಟಿ ಹೋದರೆ ಬರೀ ಬಡಾವಣೆಗಳು. ನಾನು ಮದುವೆಯಾಗಿ ಬಂದಾಗ ಅಲ್ಲಿ ರಾಗಿ ಹೊಲ ಇತ್ತು. ಕೆರೆಯ ಏರಿಯ ಮೇಲೆ ಈಗ ಬೆಳಿಗ್ಗೆ ಬೂಟು ಹಾಕಿಕೊಂಡು ಬೀಸುನಡಿಗೆಯಲ್ಲಿ ಓಡಾಡುತ್ತಾರಲ್ಲ, ಆಗ ಅಲ್ಲಿ ಎತ್ತಿನ ಗಾಡಿ ಹೋಗುತ್ತಿತ್ತು. ನಿಮ್ಮ ತಾತನ ಮನೆಯವರು ಮೊದಲು ಬೇಸಾಯದವರು. ಭೂಮಿ ಸಾಲದೆ ಮೀನಿಗೆ ಇಳಿದವರು. ಕೆರೆಯಲ್ಲಿ ಒಂದೊಂದು ಮನೆಗೆ ಒಂದೊಂದು ಜಾಗ. ಯಾರ ಬಲೆ ಎಲ್ಲಿಂದ ಎಲ್ಲಿಗೆ ಎಂದು ಎಲ್ಲರಿಗೂ ಗೊತ್ತು. ನಮ್ಮದು ಕೋಡಿ ಮೂಲೆ. ಮಳೆ ಬಂದು ಹೊಸ ನೀರು ತುಂಬಿದಾಗ ಗೆಂಡೆ ಮೀನು ಅಲ್ಲಿಗೇ ನುಗ್ಗುತ್ತದೆ. ಬೇಸಿಗೆಯಲ್ಲೂ ಅಲ್ಲಿ ಜಿಲೇಬಿ ಮೀನಿಗೆ ಬರವಿಲ್ಲ. ಅದಕ್ಕೇ ಎಲ್ಲರ ಕಣ್ಣು ಆ ಮೂಲೆಯ ಮೇಲೆ.

ನಮ್ಮ ಟ್ಯೂಬು ಹೇಗೆ ಕಟ್ಟುತ್ತಾರೆಂದು ನೀವು ಒಂದು ದಿನವೂ ಕೇಳಿಲ್ಲ. ಆ ವಿಡಿಯೊದವಳ ಟ್ಯೂಬಿನ ಬಗ್ಗೆ ಮಾತ್ರ ಗಂಟೆಗಟ್ಟಲೆ ಹೇಳುತ್ತೀರಿ. ಪಂಕ್ಚರ್ ಅಂಗಡಿಯಿಂದ ಹಳೇ ಲಾರಿ ಟ್ಯೂಬು ತರುತ್ತೇವೆ. ತೇಪೆ ಹಾಕಿಸಿ, ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತೇವೆ. ನಡುವಿನ ತೂತಿಗೆ ನೈಲಾನ್ ಹಗ್ಗದಿಂದ ಮಂಚದ ಹಾಗೆ ಹೆಣೆಯುತ್ತೇವೆ. ಅದರ ಮೇಲೆ ಗೋಣಿಚೀಲ. ಗಾಳಿ ತುಂಬುವ ಕಡ್ಡಿ ಹೊರಗೆ ಚಾಚಿಕೊಂಡಿದ್ದರೆ ತೊಡೆ ಗೀರುತ್ತದೆ, ಬಲೆ ಹರಿಯುತ್ತದೆ. ಅದಕ್ಕೆ ಅದನ್ನು ಒಳಕ್ಕೆ ಮಡಿಸಿ, ಹಳೇ ಬಟ್ಟೆ ಸುತ್ತಿ, ಸೈಕಲ್ ಟ್ಯೂಬಿನ ರಬ್ಬರು ಪಟ್ಟಿಯಿಂದ ಬಿಗಿದು ಕಟ್ಟುತ್ತೇವೆ. ಹುಟ್ಟು ಹಾಕುವುದು ಹವಾಯಿ ಚಪ್ಪಲಿಯಿಂದ. ಒಂದೊಂದು ಕೈಗೆ ಒಂದೊಂದು ಹಾಕಿಕೊಂಡು ನೀರು ತಳ್ಳುವುದು. ಹಿಡಿದ ಮೀನು ಹಾಕಲು ಹಿಂದೆ ಇನ್ನೊಂದು ಸಣ್ಣ ಟ್ಯೂಬು, ಅದಕ್ಕೆ ಕಟ್ಟಿದ ಬುಟ್ಟಿ. ಅಷ್ಟೇ. ಅದರಲ್ಲೇ ನಿಮ್ಮ ಅಪ್ಪ ಐಟಿಐ ಓದಿದ್ದು.

ನಿಮ್ಮ ತಾತನಿಗೆ ದಮ್ಮು ಇತ್ತು. ನೀವು ನೋಡಿದ್ದೀರಿ, ಹೊಸಿಲು ದಾಟಿದರೆ ಏದುಸಿರು. ಮೊದಮೊದಲು ನಾನು ದಡದಲ್ಲಿ ಬಲೆ ಬಿಡಿಸಿ ಕೊಡುತ್ತಿದ್ದೆ. ಆಮೇಲೆ ಇನ್ನೊಂದು ಟ್ಯೂಬಿನಲ್ಲಿ ಅವರ ಹಿಂದೆ ಹೋಗಿ ಬಲೆಯ ತುದಿ ಹಿಡಿಯುತ್ತಿದ್ದೆ. ಕೊನೆಗೆ ಅವರು ಏರಿಯ ಮೇಲೆ ಕಂಬಳಿ ಹೊದ್ದು ಕೂರುವುದು, ನಾನೊಬ್ಬಳೇ ನೀರಿಗೆ ಇಳಿಯುವುದು ಎಂದಾಯಿತು. ಸಂಜೆ ಬಲೆ ಬಿಡುತ್ತಿದ್ದೆ. ಬೆಳಕು ಹರಿಯುವಾಗ ಎತ್ತುತ್ತಿದ್ದೆ. ಎಷ್ಟೋ ವರ್ಷ ಹೀಗೇ ನಡೆಯಿತು. ಯಾರೂ ಒಂದು ಮಾತು ಅನ್ನಲಿಲ್ಲ. ಯಾಕೆ ಗೊತ್ತೇ? ಗಂಡ ಏರಿಯ ಮೇಲೆ ಕೂತಿದ್ದಾನಲ್ಲ, ಅದು ಅವನ ಬಲೆ, ಅವನ ಮೀನು. ನಾನು ಅವರ ಕೈಯ ಚಪ್ಪಲಿ ಇದ್ದ ಹಾಗೆ. ಕೊಳ್ಳಲು ಬಂದವರು ನನ್ನ ಕೈಯಿಂದ ಬುಟ್ಟಿ ಇಸಿದುಕೊಂಡು, ಅವರ ಕಡೆ ತಿರುಗಿ, "ಏನ್ ಯಜಮಾನ್ರೇ, ಇವತ್ತು ಒಳ್ಳೇ ಮೀನ್ ಹಿಡ್ದಿದ್ದೀರಿ" ಎನ್ನುತ್ತಿದ್ದರು. ಅವರು ಕೆಮ್ಮಿಕೊಂಡೇ "ಹೂಂ, ಏನೋ ಸಿಕ್ವು" ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ಸೀರೆ ಹಿಂಡಿಕೊಳ್ಳುತ್ತಿದ್ದೆ.

ಆಗ ಸಿಟ್ಟು ಬರುತ್ತಿರಲಿಲ್ಲ. ಈಗ ಬರುತ್ತದೆ.

ಒಮ್ಮೆ ಕೇಳಿದ್ದೆ. ಮನೆಯಲ್ಲಿ, ಬಾಗಿಲು ಹಾಕಿಕೊಂಡು, ಮೆಲ್ಲಗೆ. "ಸಂಘದಲ್ಲಿ ನನ್ನ ಹೆಸ್ರೂ ಸೇರಿಸ್ಬಾರ್ದಾ?" ಎಂದು. "ನೋಡವ ಬುಡು, ಎಲ್ರೂ ನಗ್ತಾರೆ" ಎಂದರು. ಸಂಘ ಎಂದರೆ ನಮ್ಮ ಕೆರೆಯ ಮೀನಿನವರ ಸಂಘ, ಗಂಡಸರೇ ಇರುವುದು. ಮತ್ತೆ ಕೇಳಲಿಲ್ಲ. ಅವರು ಕೆಟ್ಟವರಲ್ಲ, ಪುಟ್ಟಿ. ನನ್ನನ್ನು ಒಂದು ದಿನ ಹೊಡೆದವರಲ್ಲ, ಬೈದವರಲ್ಲ. ಜ್ವರ ಬಂದರೆ ತಾವೇ ಗಂಜಿ ಕಾಯಿಸಿದವರು. ಆದರೆ ಆ ಒಂದು ಮಾತನ್ನು ಸಂಘದಲ್ಲಿ ಆಡಿದ್ದರೆ, ನಗುವವರು ಒಂದು ದಿನ ನಕ್ಕು ಸುಮ್ಮನಾಗುತ್ತಿದ್ದರು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ. ಅವರ ಫೋಟೋಗೆ ಹೂವು ಹಾಕುವಾಗಲೂ ಇಟ್ಟುಕೊಂಡಿರುತ್ತೇನೆ.

ಈಗ ಶಾಸ್ತ್ರದ ವಿಷಯ ಹೇಳುತ್ತೇನೆ. ಇದನ್ನು ಚೆನ್ನಾಗಿ ಓದಿ. ಎಲ್ಲ ಇದರ ಮೇಲೇ ನಿಂತಿದೆ.

ನಮ್ಮ ಕೆರೆಯವರಲ್ಲಿ ಗಂಡಸು ಸತ್ತರೆ ಹನ್ನೊಂದನೇ ದಿನ, ತಿಥಿಯಂದು, ಅವನ ಟ್ಯೂಬನ್ನು ನೀರಿನ ಅಂಚಿಗೆ ತಂದು ಇಡುತ್ತಾರೆ. ಅರಿಸಿನ ಕುಂಕುಮ ಹಚ್ಚಿ ಹೂವು ಹಾಕುತ್ತಾರೆ. ಆಮೇಲೆ ಅವನ ತಮ್ಮನೋ ಮಗನೋ ಕಡ್ಡಿಯ ಪಿನ್ನು ತೆಗೆದು ಗಾಳಿ ಬಿಡಿಸುತ್ತಾನೆ. ಹೆಂಡತಿಯಾದವಳು ಆ ಗಾಳಿಗೆ ಅಂಗೈ ಒಡ್ಡಬೇಕು. ಟ್ಯೂಬಿನೊಳಗೆ ಗಂಡನ ಉಸಿರು ಇರುತ್ತದಂತೆ, ಅದು ಅವಳ ಕೈ ಸವರಿಕೊಂಡು ಹೋಗುತ್ತದಂತೆ. ಹೆಂಗಸರೆಲ್ಲ ಆಗ ಗೋಳೋ ಎಂದು ಅಳುತ್ತಾರೆ. ಚಪ್ಪಟೆಯಾದ ಟ್ಯೂಬನ್ನು ಮಡಿಸಿ, ಪಿನ್ನು ತೆಗೆದವನೇ ಬಗಲಿಗೆ ಇಟ್ಟುಕೊಳ್ಳುತ್ತಾನೆ. ಟ್ಯೂಬಿನ ಜೊತೆ ಜಾಗವೂ ಅವನದು. ಅದಾದ ಮೇಲೆ ಸತ್ತವನಿಗೆ ಎಡೆ, ಆಮೇಲೆ ಬಂದವರಿಗೆ ಬಾಡೂಟ.

ಇದನ್ನು ಹಿಂದಿನಿಂದ ಬಂದ ಪದ್ಧತಿ ಎನ್ನುತ್ತಾರೆ. ಎಲ್ಲಿಯ ಹಿಂದಿನಿಂದ? ನಾನು ಸೊಸೆಯಾಗಿ ಬಂದಾಗ ಈ ಕೆರೆಯಲ್ಲಿ ಲಾರಿ ಟ್ಯೂಬೇ ಇರಲಿಲ್ಲ. ಬಿದಿರಿನ ತೆಪ್ಪ ಇತ್ತು. ನಮ್ಮ ಮಾವನವರು ಹೋದಾಗ ತೆಪ್ಪದ ಒಂದು ಕಟ್ಟು ಬಿಚ್ಚಿ ನೀರಿಗೆ ಬಿಟ್ಟರು, ಅಷ್ಟೇ. ಯಾವ ಜಾಗವೂ ಯಾರ ಬಗಲಿಗೂ ಹೋಗಲಿಲ್ಲ. ನಮ್ಮ ಅತ್ತೆ ಆ ಮೂಲೆಯಲ್ಲೇ ಗಾಳ ಹಾಕುತ್ತ ಕೂರುತ್ತಿದ್ದರು. ಈ ಗಾಳಿಯ ಶಾಸ್ತ್ರ ನನ್ನ ಕಣ್ಣೆದುರಿಗೇ ಹುಟ್ಟಿದ್ದು. ನನಗಿಂತ ಚಿಕ್ಕದು ಅದು. ನನಗಿಂತ ಚಿಕ್ಕದಕ್ಕೆ ನಾನು ಯಾಕೆ ತಲೆ ಬಾಗಬೇಕು?

ಇನ್ನೊಂದು ಮಾತು. ಆ ಟ್ಯೂಬಿನೊಳಗೆ ನಿಮ್ಮ ತಾತನ ಉಸಿರು ಇರಲು ಸಾಧ್ಯವೇ ಇರಲಿಲ್ಲ. ದಮ್ಮಿನವರು ಪಂಪು ಹೊಡೆಯುತ್ತಾರೆಯೇ? ವಾರಕ್ಕೊಮ್ಮೆ ಹಿತ್ತಿಲಲ್ಲಿ ಸೈಕಲ್ ಪಂಪು ಹಿಡಿದು ಗಾಳಿ ಹೊಡೆಯುತ್ತಿದ್ದವಳು ನಾನು. ರಟ್ಟೆ ಬಿದ್ದು ಹೋಗುವ ತನಕ ಹೊಡೆಯುತ್ತಿದ್ದೆ. ಅದನ್ನು ಹೊರಗೆ ಬೀದಿಯಲ್ಲಿ ಮಾಡುತ್ತಿರಲಿಲ್ಲ. ಅವರ ಮರ್ಯಾದೆ ಉಳಿಯಲಿ ಎಂದು ಹಿತ್ತಿಲಲ್ಲಿ.

ತಿಥಿಯ ದಿನ ಏರಿಯ ಕೆಳಗೆ ಶಾಮಿಯಾನ ಹಾಕಿದ್ದರು. ಊರುಗಳಿಂದ ಟೆಂಪೋ ಮಾಡಿಕೊಂಡು ನೆಂಟರು ಬಂದಿದ್ದರು. ಹಂಡೆಗಳಲ್ಲಿ ಸಾರು ಕುದಿಯುತ್ತಿತ್ತು. ನಿಮ್ಮ ಅಪ್ಪ ಮೊದಲೇ ಹೇಳಿಬಿಟ್ಟಿದ್ದ, ತನಗೆ ಬನ್ನಿಮಂಟಪದ ವರ್ಕ್‌ಶಾಪ್ ಸಾಕು, ಕೆರೆ ಬೇಡ, ಚಿಕ್ಕಪ್ಪನೇ ಪಿನ್ನು ತೆಗೆಯಲಿ ಎಂದು. ನನ್ನನ್ನು ಒಂದು ಮಾತು ಕೇಳಲಿಲ್ಲ. "ಅವ್ವ ಇಷ್ಟ್ ದಿನ ಕಷ್ಟ ಪಟ್ಟಿದ್ದು ಸಾಕು, ಇನ್ನಾರೂ ಮನೇಲಿ ಕುಂತು ಮೊಮ್ಮಕ್ಳ ಆಡಿಸ್ಕೊಂಡಿರ್ಲಿ" ಎಂದು ಎಲ್ಲರೆದುರು ಹೇಳಿದ. ಅವನು ಪ್ರೀತಿಯಿಂದ ಹೇಳಿದ್ದು, ನಿಜ. ಎಲ್ಲರೂ ತಲೆದೂಗಿದರು. ಒಬ್ಬರಾದರೂ ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಅಲ್ಲಿ ಒಂದು ಉತ್ತರ ಇತ್ತು.

ಟ್ಯೂಬನ್ನು ಅರ್ಧ ನೀರಿನಲ್ಲಿ, ಅರ್ಧ ದಡದಲ್ಲಿ ಇಟ್ಟಿದ್ದರು. ಚೆಂಡು ಹೂವಿನ ಹಾರ ಹಾಕಿದ್ದರು. ಹುಟ್ಟು ಹಾಕುವ ಚಪ್ಪಲಿಗಳು ಯಾವಾಗಿನಂತೆ ಹಗ್ಗಕ್ಕೆ ಸಿಕ್ಕಿಸಿದ್ದವು. ಯಾರೂ ತೆಗೆದಿರಲಿಲ್ಲ. ನನ್ನ ಮೈದುನ, ಎಂದರೆ ನಿಮ್ಮ ಚಿಕ್ಕತಾತ, ಕುಕ್ಕರುಗಾಲಲ್ಲಿ ಕೂತು ಕಡ್ಡಿಗೆ ಸುತ್ತಿದ್ದ ಬಟ್ಟೆ ಬಿಚ್ಚಲು ಹೋದ. ನಾನು ಕಟ್ಟಿದ ಗಂಟು ಅದು. ಒದ್ದೆಯಾಗಿ ಬಿಗಿದುಕೊಂಡಿತ್ತು. ಹಲ್ಲಿನಲ್ಲಿ ಕಚ್ಚಿ ನೋಡಿದ, ಬರಲಿಲ್ಲ.

"ಯಾರಾದ್ರೂ ಒಂದು ಚಾಕು ತಕ್ಕೊಂಡ್ ಬರ್ರಲಾ!" ಎಂದು ಕೂಗಿ, ಅಡುಗೆಯವನ ಕಡೆ ತಿರುಗಿದ.

ನನ್ನನ್ನು ಆಗಲೇ ಕರೆತಂದು ನಿಲ್ಲಿಸಿದ್ದರು. ನನ್ನ ವಾರಗಿತ್ತಿ, ಅವನ ಹೆಂಡತಿ, ನನ್ನ ಕೈ ಹಿಡಿದು ಅಂಗೈ ಬಿಡಿಸುತ್ತಿದ್ದಳು. "ಒಡ್ಡಿ ಅಕ್ಕ, ಈಗ ಬತ್ತದೆ" ಎಂದಳು. ಬಸ್ಸು ಬರುತ್ತದೆ ಎನ್ನುವ ಹಾಗೆ ಹೇಳಿದಳು.

ಚಾಕು ಬರುವುದು ಕಂಡಿತು. ಕೈ ಕಿತ್ತುಕೊಂಡೆ. ಟ್ಯೂಬನ್ನು ತಳ್ಳಿದೆ. ನೀರಿಗೆ ನಾಲ್ಕು ಹೆಜ್ಜೆ ಹಾಕಿ, ಅಭ್ಯಾಸದ ಮೇಲೆ ಹಿಂದುಮುಂದಾಗಿ ಕೂತು, ಚಪ್ಪಲಿಗಳನ್ನು ಕೈಗೆ ಹಾಕಿಕೊಂಡು ತಳ್ಳಿಕೊಂಡು ಹೊರಟೆ. ಹಾರ ಕಿತ್ತು ನೀರಿಗೆ ಬಿತ್ತು. ಮೊದಲೇ ಯೋಚಿಸಿ ಮಾಡಿದ್ದೇ ಎಂದು ಆಮೇಲೆ ಎಲ್ಲರೂ ಕೇಳಿದರು. ಯೋಚಿಸಿದ್ದರೆ ಇನ್ನೊಂದು ಸೀರೆ ತಂದುಕೊಳ್ಳುತ್ತಿದ್ದೆ.

ಹಿಂದಿನಿಂದ ಎಲ್ಲರೂ ಒಟ್ಟಿಗೆ ಕೂಗಿದರು.

"ಅಯ್ಯೋ, ನೀರಿಗೆ ಬೀಳ್ತಾಳೆ! ಗಂಡನ ಇಂದೇ ಓಯ್ತಾಳೆ ಕಣ್ರಪ್ಪೋ!"

"ಸುಮ್ಕಿರೇ, ಬೀಳೋಳು ಚಪ್ಲಿ ಆಕ್ಕೊಂಡ್ ಓಯ್ತಾಳಾ?"

"ನೋಡ್ರಲಾ ಎಂಗೆ ಕುಂತವ್ಳೆ, ಮಾರಾಣಿ ಕುಂತಂಗೆ!"

ನಾನು ಕೋಡಿ ಮೂಲೆಗೆ ಹೋಗಿ, ದಡದಿಂದ ಕಲ್ಲೆಸೆದರೂ ತಾಗದಷ್ಟು ದೂರದಲ್ಲಿ ನಿಂತೆ. ಅಷ್ಟು ಜನ ಒಟ್ಟಿಗೆ ನನ್ನನ್ನೇ ನೋಡಿದ್ದು ಮದುವೆಯ ದಿನ ಬಿಟ್ಟರೆ ಅವತ್ತೇ. ಮದುವೆಯಲ್ಲಾದರೂ ಮುಖಕ್ಕೆ ಸೆರಗು ಇಳಿಬಿಟ್ಟುಕೊಂಡಿದ್ದೆ. ನಾಚಿಕೆಯೂ ಇತ್ತು, ಸಿಟ್ಟೂ ಇತ್ತು. ಎರಡೂ ಒಟ್ಟಿಗೆ ಬಂದರೆ ಮನುಷ್ಯ ಅಲ್ಲಾಡುವುದಿಲ್ಲ. ಅದಕ್ಕೇ ವಿಡಿಯೊದಲ್ಲಿ ನಾನು ಕಲ್ಲಿನ ಹಾಗೆ ಕೂತಿರುವುದು. ಏರಿಯ ಮೇಲೆ ವಾಕಿಂಗಿಗೆ ಬಂದ ಯಾರೋ ಫೋನು ಎತ್ತಿ ಹಿಡಿದಿದ್ದು ಕಂಡಿತ್ತು. ಫೋಟೋ ಎಂದುಕೊಂಡೆ.

ನನ್ನನ್ನು ಎಳೆದು ತರಲು ಯಾರೂ ಯಾಕೆ ಬರಲಿಲ್ಲ ಎಂದು ನೀವು ಕೇಳಬಹುದು. ಟ್ಯೂಬಿನವರಲ್ಲಿ ಒಂದು ಕಟ್ಟುಪಾಡು ಇದೆ. ನೀರಿನ ಮೇಲೆ ಇದ್ದವರ ಟ್ಯೂಬನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಮುಟ್ಟಿದರೆ ಇಬ್ಬರೂ ಮಗುಚುತ್ತಾರೆ. ಕಾಲಿಗೆ ಬಲೆ ಸುತ್ತಿಕೊಂಡರೆ ಈಜು ಬಂದವನೂ ಮೇಲೆ ಏಳುವುದಿಲ್ಲ. ಹಾಗೆ ಸತ್ತವರನ್ನು ಕಂಡವರು ನಾವು. ಅಣ್ಣತಮ್ಮಂದಿರು ಜಗಳ ಆಡಿದರೂ ದಡಕ್ಕೆ ಬಂದು ಆಡುತ್ತಾರೆ.

ನಿಮ್ಮ ಚಿಕ್ಕತಾತ ತನ್ನ ಟ್ಯೂಬು ಹತ್ತಿ ಬಂದ. ಹೊಸ ಪಂಚೆ ಉಟ್ಟಿದ್ದ, ನೀರಿಗೆ ಬಿದ್ದು ಅದು ಬಲೂನಿನ ಹಾಗೆ ಉಬ್ಬಿತ್ತು. ನನ್ನ ಸುತ್ತ ಒಂದು ಸುತ್ತು ಹೊಡೆದ. ಮುಟ್ಟಲಿಲ್ಲ.

"ಏನತ್ಗೆ ಇದು ನಿಮ್ದು? ಜನ ನೋಡ್ತಾವ್ರೆ."

"ನೋಡ್ಲಿ" ಎಂದೆ.

"ಅಣ್ಣನ ಜೀವಕ್ಕೆ ಶಾಂತಿ ಬ್ಯಾಡ್ವಾ? ಅವನ ಉಸ್ರು ಇದ್ರೊಳ್ಗೆ ಸಿಗಾಕ್ಕೊಂಡದೆ."

ನನ್ನ ಬಾಯಿಂದ ಮಾತು ಬಂತು. ಜೋರಾಗಿ ಅಲ್ಲ, ಆದರೆ ನೀರಿನ ಮೇಲೆ ಸಣ್ಣ ಮಾತೂ ಕೇಳಿಸುತ್ತದೆ. "ನಿಮ್ಮಣ್ಣನ ಉಸ್ರು ಇದ್ರೊಳ್ಗೆ ಇಲ್ಲ. ಇದು ನಾನು ಹೊಡ್ದಿರೋ ಗಾಳಿ. ಅವ್ರು ಪಂಪು ಮುಟ್ಟಿ ವರ್ಷಗಳಾಗಿತ್ತು."

ಅವನು ಹಿಂದೆ ತಿರುಗಿ ದಡ ನೋಡಿದ. ಆಮೇಲೆ ಗುಟ್ಟು ಹೇಳುವವನ ಹಾಗೆ ಬಗ್ಗಿ, "ಅದು ನಂಗೊತ್ತಿಲ್ವಾ ಅತ್ಗೆ? ಬಲೆ ಬುಟ್ಟಿದ್ದೂ ನೀವೇ, ಎತ್ತಿದ್ದೂ ನೀವೇ. ಎಲ್ರಿಗೂ ಗೊತ್ತು. ಊರೋರ್ ಮುಂದೆ ಅದ್ನ ಹೇಳ್ಬುಟ್ಟೀರ, ಸತ್ತೋನ ಮಾನ ತೆಗೀಬ್ಯಾಡಿ. ಬಂದ್ಬುಡಿ" ಎಂದ.

ಪುಟ್ಟಿ, ಗುಂಡ, ಈ ಮಾತನ್ನು ಬರೆಯುವಾಗ ಈಗಲೂ ನನ್ನ ಪೆನ್ನು ಹಾಳೆಗೆ ಒತ್ತುತ್ತಿದೆ, ಹಿಂದಿನ ಪುಟಕ್ಕೂ ಅಚ್ಚು ಬಿದ್ದಿರಬೇಕು. ಅವರಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ಗೊತ್ತಿಲ್ಲದವರ ಮೇಲೆ ಎಷ್ಟು ಅಂತ ಸಿಟ್ಟು ಮಾಡಿಕೊಳ್ಳುವುದು ಎಂದು ಇಷ್ಟು ವರ್ಷ ನುಂಗಿಕೊಂಡಿದ್ದೆ. ಎಲ್ಲರಿಗೂ ಗೊತ್ತಿತ್ತು! ಗೊತ್ತಿದ್ದೂ ಬುಟ್ಟಿ ಇಸಿದುಕೊಂಡು ಏರಿಯ ಕಡೆ ತಿರುಗುತ್ತಿದ್ದರು. ಗೊತ್ತಿದ್ದೂ ನನ್ನ ಅಂಗೈಗೆ ನನ್ನದೇ ಗಾಳಿ ಬಿಟ್ಟು, ಗಂಡನ ಉಸಿರು ತಗೋ ಎಂದು ಅಳಿಸಿ, ಜಾಗ ಕಿತ್ತುಕೊಳ್ಳಲು ಹೊರಟಿದ್ದರು. ಅವನು ಅದನ್ನು ಹೇಳದಿದ್ದರೆ ಸ್ವಲ್ಪ ಹೊತ್ತಿಗೆ ದಡಕ್ಕೆ ಹೋಗಿಬಿಡುತ್ತಿದ್ದೆನೇನೋ. ಆ ಮಾತು ಕೇಳಿದ ಮೇಲೆ ಇಲ್ಲ.

"ಇಲ್ಲ" ಎಂದೆ. ಅಷ್ಟೇ. ಅವನು ಇನ್ನೆರಡು ಸುತ್ತು ಹೊಡೆದು ಹೋದ.

ಆಮೇಲೆ ನಿಮ್ಮ ಅಪ್ಪ ಮೊಣಕಾಲುದ್ದ ನೀರಿಗೆ ಇಳಿದು ಕೂಗಿದ. "ಅವ್ವಾ! ಬಂದ್ಬುಡವ್ವಾ! ಮಾನ ಓಯ್ತದೆ ಕಣವ್ವಾ!" ಅವನ ದನಿಯಲ್ಲಿ ಅಳು ಇತ್ತು. ಆದರೂ ಯಾರ ಮಾನ ಮಗನೇ ಎಂದು ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಚಪ್ಪಲಿಯಿಂದ ನೀರು ತಳ್ಳಿ ಟ್ಯೂಬನ್ನು ಅವನ ಕಡೆಗೆ ಬೆನ್ನಾಗುವಂತೆ ತಿರುಗಿಸಿಕೊಂಡೆ. ಅವನಿಗೆ ಬೆನ್ನು ಹಾಕಿದ್ದು ಅದೊಂದೇ ಸಲ.

ಬಿಸಿಲು ಏರಿತು. ಅಂತರಗಂಗೆಯ ಎಲೆಯೊಂದನ್ನು ಕಿತ್ತು ತಲೆಯ ಮೇಲೆ ಇಟ್ಟುಕೊಂಡೆ. ಕಾಲು ಜೋಮು ಹಿಡಿಯಿತು. ದಡದಲ್ಲಿ ಸಂಘದ ಯಜಮಾನರು, ದಪ್ಪ ಮೀಸೆಯ ವಯಸ್ಸಾದವರು, ಕೈ ಕಟ್ಟಿಕೊಂಡು ನಿಂತಿದ್ದರು. ಗಾಳಿ ಬಿಡಿಸದೆ ಎಡೆ ಇಡುವಂತಿಲ್ಲ, ಎಡೆ ಇಡದೆ ಯಾರೂ ಉಣ್ಣುವಂತಿಲ್ಲ. ಅವರ ಲೆಕ್ಕ ಸರಿಯಾಗಿಯೇ ಇತ್ತು. ನನಗೆ ಹಸಿವಾಗುತ್ತದೆ, ಬಾಯಾರುತ್ತದೆ, ನಾನೇ ಬರುತ್ತೇನೆ ಎಂದು. ಹೆಂಗಸರಿಗೆ ಹಸಿವು ತಡೆದು ಅಭ್ಯಾಸ ಎನ್ನುವುದು ಅವರಿಗೆ ಹೇಗೆ ಗೊತ್ತಾಗಬೇಕು? ತಡೆಯಲು ಬಾರದವರೆಲ್ಲ ದಡದಲ್ಲಿದ್ದರು.

ಅಡುಗೆಯವನು ಶಾಮಿಯಾನದಿಂದ ಕೂಗಿದ್ದು ನನಗೂ ಕೇಳಿಸಿತು. "ಮುದ್ದೆ ಆರೋಯ್ತವೆ ಕಣ್ರಪ್ಪೋ! ಆರಿದ್ಮೇಲೆ ನನ್ನ ಬೈಬ್ಯಾಡಿ!"

ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಕೂಗಿದ. ಸಾರಿನ ವಾಸನೆ ನೀರಿನ ಮೇಲೂ ಬರುತ್ತಿತ್ತು. ಟೆಂಪೋ ಡ್ರೈವರು ತನಗೆ ಬೇರೆ ಬಾಡಿಗೆ ಇದೆ ಎಂದು ಹಾರ್ನು ಹೊಡೆಯತೊಡಗಿದ. ಕೊನೆಗೆ ನಿಮ್ಮ ತಾತನ ಸೋದರಮಾವ, ಸಕ್ಕರೆ ಕಾಯಿಲೆಯ ಮುದುಕ, ಕೋಲು ಊರಿಕೊಂಡು ಎದ್ದರು.

"ನಂಗೆ ಕಣ್ ಕತ್ಲೆ ಬತ್ತಾ ಅದೆ ಕಣ್ರೋ. ಆಯಮ್ಮ ನೀರಾಗಿರ್ಲಿ, ನಾನ್ ಮಣ್ಣಾಗೋಗ್ಬೇಕಾ? ಎಲೆ ಆಕ್ರಲಾ!"

ಸೋದರಮಾವ ಕೂತ ಮೇಲೆ ಬೇಡ ಎನ್ನುವವರು ಯಾರು? ಅವರ ಪಕ್ಕ ಒಬ್ಬರು ಕೂತರು, ಆಮೇಲೆ ಒಂದು ಪಂಕ್ತಿ, ಆಮೇಲೆ ಎಲ್ಲರೂ. ಗಡಿಬಿಡಿಯಲ್ಲಿ ನಿಮ್ಮ ತಾತನ ಎಡೆಯನ್ನೂ ಇಟ್ಟರು. ಎಲೆಗಳಿಗೆ ಮುದ್ದೆ ಬೀಳುವುದನ್ನು ದೂರದಿಂದ ನೋಡುತ್ತಿದ್ದೆ. ಯಜಮಾನರು ಮಾತ್ರ ತುಂಬ ಹೊತ್ತು ನಿಂತಿದ್ದರು. ಕೊನೆಗೆ ಅವರೂ ಹೋಗಿ ಕೂತರು. ಮೊದಲ ತುತ್ತು ನುಂಗಿದ ಮೇಲೆ ಅವರಿಗೆ ಹೊಳೆಯಿತಂತೆ. ನನ್ನ ವಾರಗಿತ್ತಿ ಆಮೇಲೆ ಹೇಳಿದಳು. ಕೈ ಹಾಗೇ ಎಲೆಯ ಮೇಲೆ ನಿಂತು, "ಅಯ್ಯೋ, ಎಡೆ ಆಗೋಯ್ತಲ್ಲೋ. ಎಂಜ್ಲಾದ್ಮೇಲೆ ಇನ್ಯಾವ ಶಾಸ್ತ್ರ?" ಎಂದರಂತೆ. ನಿಮ್ಮ ಚಿಕ್ಕತಾತ ಬಾಯಲ್ಲಿದ್ದ ಮೂಳೆ ಉಗಿದು ಎದ್ದು ನಿಂತನಂತೆ. ಎದ್ದು ನಿಂತು ಏನು ಮಾಡುವುದು? ತಿಥಿಯ ಊಟ ಆದ ಮೇಲೆ ಸತ್ತವನ ಶಾಸ್ತ್ರ ಯಾವುದೂ ಇಲ್ಲ. ಅದೂ ಅವರದೇ ಪದ್ಧತಿ.

ಹೆಂಗಸರು ಹಂಡೆ ತೊಳೆಯುವುದು ಕಂಡ ಮೇಲೆ ನಾನು ದಡಕ್ಕೆ ಬಂದೆ. ನಿಲ್ಲಲು ಆಗಲಿಲ್ಲ, ಅಲ್ಲೇ ಕೆಸರಿನಲ್ಲಿ ಕೂತೆ. ವಾರಗಿತ್ತಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

"ಗಂಡನ್ ತಿಥಿ ಊಟ ನಿಮ್ಗೆ ಮಿಕ್ಕಿಲ್ಲ ಕಣಕ್ಕ. ಮೀನ್ ಇಡ್ಕೊಂಡ್ ತಿನ್ನಿ" ಎಂದಳು.

"ಹೂಂ" ಎಂದೆ. ಅದನ್ನೇ ಮಾಡುವುದಕ್ಕಲ್ಲವೇ ಅಷ್ಟು ಹೊತ್ತು ಕೂತಿದ್ದು.

ಮುಂದಿನ ವಾರ ಸಂಘದವರು ಏರಿಯ ಬೇವಿನ ಮರದ ಕೆಳಗೆ ಸೇರಿದರು. ನಾನು ದೂರದಲ್ಲಿ ನಿಂತೆ. ಮೈದುನ ಏನೇನೋ ಹೇಳಿದ. ಯಜಮಾನರು ನನ್ನ ಕಡೆ ನೋಡದೆ ಹೇಳಿದರು, "ಗಾಳಿ ಬುಡಿಸ್ದೆ ಜಾಗ ಕೈ ಬದ್ಲಾಗಾಕಿಲ್ಲ. ನಾವೇ ಮಾಡ್ಕೊಂಡಿರೋದು. ಆ ಟ್ಯೂಬು ನೀರಿಗಿಳಿಯೋವಷ್ಟು ದಿನ ಜಾಗ ಆ ಮನೇದೇ." ಆಮೇಲೆ ನೆಲಕ್ಕೆ ಉಗುಳಿದರು. ನನಗೆ ಕೊಟ್ಟದ್ದಲ್ಲ ಅದು. ತಮ್ಮ ಕಟ್ಟುಪಾಡಿಗೆ ತಾವೇ ಸಿಕ್ಕಿಕೊಂಡರು, ಅಷ್ಟೇ. ಸಂಘದಲ್ಲಿ ನನ್ನ ಹೆಸರು ಇವತ್ತಿಗೂ ಇಲ್ಲ.

ಅಂದಿನಿಂದ ಕೆರೆಯಲ್ಲಿ ನನ್ನ ಜೊತೆ ಯಾರೂ ಮಾತಾಡುವುದಿಲ್ಲ. ನನಗೆ ಅದರಿಂದ ದೊಡ್ಡ ನಷ್ಟವಿಲ್ಲ, ಮೊದಲೂ ನಾನು ಮಾತಾಡಿದವಳಲ್ಲ. ಆದರೆ ಒಂದು ದಿನ ದಡದಲ್ಲಿ ಬಿಟ್ಟಿದ್ದ ಟ್ಯೂಬಿಗೆ ಯಾರೋ ಜಾಲಿ ಮುಳ್ಳು ಚುಚ್ಚಿದ್ದರು. ಗಾಳಿ ಪೂರ್ತಿ ಇಳಿಯುವ ಮೊದಲೇ ಕಂಡೆ, ಬಚಾವಾಯಿತು. ಅದಕ್ಕೇ ಅದನ್ನು ಮನೆಗೆ ಉರುಳಿಸಿಕೊಂಡು ಬಂದು ನಡುಮನೆಯಲ್ಲಿ ಇಡುವುದು. ವಾಸನೆ ಎಂದು ನಿಮ್ಮ ಅಮ್ಮ ಗೊಣಗುತ್ತಾಳೆ, ಗೊಣಗಲಿ, ಅವಳ ತಪ್ಪಿಲ್ಲ. ರಸ್ತೆಯಲ್ಲಿ ನಾನು ಟ್ಯೂಬು ಉರುಳಿಸಿಕೊಂಡು ಬರುವಾಗ ಶಾಲೆಯ ಗೆಳೆಯರು ಎದುರಾದರೆ ಗುಂಡ ಪಕ್ಕದ ಗಲ್ಲಿಗೆ ತಿರುಗಿಕೊಳ್ಳುತ್ತಾನೆ. ಅದೂ ನನಗೆ ಕಾಣುತ್ತದೆ.

ಮೊನ್ನೆ ಅಗ್ರಹಾರಕ್ಕೆ ನೈಲಾನ್ ಹಗ್ಗ ತರಲು ಹೋಗಿದ್ದೆ. ಅಂಗಡಿಯವರು ಕನ್ನಡಕ ಏರಿಸಿ ನೋಡಿ, "ನೀವು ಆ ಟ್ಯೂಬಮ್ಮ ಅಲ್ವೇನಮ್ಮಾ? ನಮ್ಮನೇಲಿ ಎಲ್ರೂ ನೋಡಿ ಬಿದ್ದೂ ಬಿದ್ದೂ ನಕ್ವು" ಎಂದರು. ಪಾಪ, ಖುಷಿಯಿಂದ ಹೇಳಿದರು. ಹಗ್ಗ ತೆಗೆದುಕೊಂಡು ಬಂದೆ. ಬಸ್ಸಿನಲ್ಲಿ ಉದ್ದಕ್ಕೂ ಅವರಿಗೆ ಕೊಡಬೇಕಾಗಿದ್ದ ಉತ್ತರ ಹೇಳಿಕೊಂಡೇ ಬಂದೆ. ಆ ಉತ್ತರವೇ ಇಷ್ಟು ಉದ್ದ ಆಗಿದೆ.

ನನಗೆ ತಲೆ ಕೆಟ್ಟಿರಲಿಲ್ಲ, ಪುಟ್ಟಿ. ಅವತ್ತಿನಷ್ಟು ನೆಟ್ಟಗೆ ನನ್ನ ತಲೆ ಯಾವತ್ತೂ ಇರಲಿಲ್ಲ.

ನನ್ನ ಕಾಲ ಮುಗಿದ ಮೇಲೆ ಕೋಡಿ ಮೂಲೆ ಕೇಳಿಕೊಂಡು ಅವರು ಬಂದೇ ಬರುತ್ತಾರೆ. ಆಗ ಕೊಡುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ನಿಮಗೆ ಮೀನು ಹಿಡಿಯುವ ಆಸೆ ಇಲ್ಲದಿದ್ದರೆ ನಾನು ಬೇಸರಪಡುವುದಿಲ್ಲ. ಆದರೆ ನಿಮ್ಮ ಅಜ್ಜಿ ಅಲ್ಲಿ ಗಂಡನ ಹಿಂದೆ ಸುಮ್ಮನೆ ಕೂತಿದ್ದಳು ಎಂದು ಯಾರಾದರೂ ಹೇಳಿದರೆ ತಲೆದೂಗಬೇಡಿ. ಈ ಹಾಳೆಗಳನ್ನು ಓದಿ ಹೇಳಿ. ಬಾಯಿಂದ ಹೇಳಲು ಸಂಕೋಚವಾದರೆ, ನೀವೂ ನನ್ನ ಹಾಗೇ ಇರಬಹುದು, ಕೈಯಲ್ಲಿ ಹಿಡಿದು ತೋರಿಸಿ. ಇದನ್ನು ನಿಮ್ಮ ಅಪ್ಪನಿಗೆ ಕೊಡಬೇಡಿ. ಓದಿ ಅಳುತ್ತಾನೆ, ಆಮೇಲೆ ಎಲ್ಲೋ ಇಟ್ಟು ಮರೆಯುತ್ತಾನೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮೇಲಿನ ಅಟ್ಟದಲ್ಲಿ, ನೀರು ಸೋರದ ಮೂಲೆ ನೋಡಿ ಇಡಿ. ಮಳೆಗಾಲ ಬಂದಾಗಲೆಲ್ಲ ಒಮ್ಮೆ ತೆಗೆದು, ಅಕ್ಷರ ಅಳಿಸಿಲ್ಲ ತಾನೇ ಎಂದು ನೋಡಿ. ಅಳಿಸುವ ಹಾಗೆ ಕಂಡರೆ ನೀವೇ ಇನ್ನೊಂದು ಸಲ ಬರೆದಿಡಿ.